ಗಾಯನದ ಪರಿಪಾಕ: ಸಿ. ಅಶ್ವಥ್ ಅವರು ನಡೆದ ಹಾದಿ

೧

ಹಾಡುಗಾರನಿಗೆ ಹೆಸರು ಬರುವ ಕಾಲವೇ ಬೇರೆ, ಅವನ ಹಾಡು ಪಕ್ವವಾಗುವ ಕಾಲವೇ ಬೇರೆ. ಎರಡೂ ಕೂಡಿ ಬರುವುದು ಅಪೂರ್ವ. ಮೊದಮೊದಲು ಕಂಠದ ಬಲ, ರಾಗದ ಬೆಡಗು, ವಾದ್ಯಗಳ ಸಂಭ್ರಮ ಇವು ಜನರನ್ನು ಸೆಳೆಯುತ್ತವೆ. ಜನ ಒಲಿದ ಮೇಲೆ ಹಾಡುಗಾರನ ಎದುರಿಗೆ ಎರಡು ಹಾದಿಗಳಿರುತ್ತವೆ. ಒಲಿಸಿಕೊಂಡ ಬೆಡಗನ್ನೇ ದಿನದಿನಕ್ಕೂ ಹೆಚ್ಚಿಸುತ್ತ ಹೋಗುವುದು ಒಂದು. ಹಾಡಿನ ಮಾತು ಯಾವ ನೆಲದಲ್ಲಿ ಹುಟ್ಟಿತೋ ಆ ನೆಲವನ್ನು ಅರಸಿಕೊಂಡು ಹೋಗುವುದು ಇನ್ನೊಂದು. ಮೊದಲನೆಯದು ಸುಲಭ, ಎರಡನೆಯದರಲ್ಲಿ, ಒಲಿದಿದ್ದವರು ಕೈಬಿಟ್ಟಾರೆಂಬ ಭಯ ಸದಾ ಇರುತ್ತದೆ. ಕನ್ನಡದ ಸುಗಮ ಸಂಗೀತದಲ್ಲಿ ಈ ಎರಡನೆಯ ಹಾದಿಯನ್ನು ಹಿಡಿದು, ಜನಪ್ರೀತಿಯನ್ನು ಕಳೆದುಕೊಳ್ಳದೆ ಇಮ್ಮಡಿಯಾಗಿ ಪಡೆದವರು ಸಿ. ಅಶ್ವಥ್. ಅವರ ಜೀವಿತಕಾಲ ೧೯೩೯ರಿಂದ ೨೦೦೯. ಚಲಚ್ಚಿತ್ರದಲ್ಲಿ ಅವರ ಮೊದಲ ಹೆಜ್ಜೆ ಮಾಲೂರು ಸೀಮೆಯ ಕವಿಯೊಬ್ಬರ ಮಾತನ್ನು ಹಿಡಿದು ನಡೆಯಿತೆಂಬುದು ಕೋಲಾರ ಜಿಲ್ಲೆಯವರಿಗೆ ವಿಶೇಷ ಸಂತೋಷದ ವಿಷಯ.

ಹಾಡು ಪಂಡಿತರ ಚಾವಡಿಯಿಂದ ಇಳಿದು ಜನರ ಮಾತಿಗೆ ಹತ್ತಿರವಾಗುವ ಈ ಕ್ರಮ ಜಿಲ್ಲೆಗೆ ಹೊಸದಲ್ಲ. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನ ಮಠದ ಪೀಠದಲ್ಲಿದ್ದ ಶ್ರೀಪಾದರಾಜರು ಸಂಸ್ಕೃತದಲ್ಲಿ ಪ್ರಕಾಂಡ ವಿದ್ವಾಂಸರಾಗಿದ್ದೂ ‘ರಂಗವಿಠಲ’ ಎಂಬ ಅಂಕಿತದಲ್ಲಿ ಕನ್ನಡ ಪದಗಳನ್ನು ರಚಿಸಿದರು. ದೇವರ ಪೂಜೆಯ ಹೊತ್ತಿನಲ್ಲಿ ಕನ್ನಡ ಹಾಡುಗಳನ್ನು ಹಾಡಿಸಿದರೆಂದು ಸಂಪ್ರದಾಯ ಹೇಳುತ್ತದೆ. ಅವರ ಶಿಷ್ಯರು ವ್ಯಾಸರಾಜರು. ಆ ಬಳಿಕ ಪುರಂದರದಾಸರು, ಕನಕದಾಸರು. ಇವರೆಲ್ಲರ ಹಾಡಿನ ಹಿರಿಮೆ ರಾಗದ ಕ್ಲಿಷ್ಟತೆಯಲ್ಲಿ ಇರಲಿಲ್ಲ. ನೀರು ಸೇದುವ ಹೆಂಗಸೂ ಗದ್ದೆಯ ಗಂಡಸೂ ಕೇಳಿ ತಲೆದೂಗುವಂಥ ಮಾತಿನ ಸಹಜತೆಯಲ್ಲಿ ಇತ್ತು. ನರಸಿಂಹತೀರ್ಥದಲ್ಲಿರುವ ಶ್ರೀಪಾದರಾಜರ ಬೃಂದಾವನವನ್ನು ಕಂಡವರಿಗೆ ಈ ಮಾತು ನೆನಪಾಗದೆ ಇರದು. ವಿದ್ವತ್ತು ಮಾಗಿದಾಗ ಅದು ಸರಳವಾಗುತ್ತದೆ. ಸಂಗೀತಕ್ಕೂ ಇದೇ ನಿಯಮ.

೨

ಅಶ್ವಥ್ ಅವರ ತಿರುವು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಅವರಿಗಿಂತ ಹಿಂದಿನ ಸ್ಥಿತಿಯನ್ನು ಕೊಂಚ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕನ್ನಡದ ಜನಪ್ರಿಯ ಹಾಡು ಎಂದರೆ ನಾಟಕದ ಕಂಪೆನಿಗಳ ಹಾಡು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಕಡೆಯ ಸಾಲಿನವನಿಗೂ ಕೇಳುವಂತೆ ತಾರಸ್ಥಾಯಿಯಲ್ಲಿ ಹಾಡುವುದೇ ಗಾಯಕನ ಯೋಗ್ಯತೆಯ ಪರೀಕ್ಷೆ. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಮಾತಿಗಿಂತ ಮಟ್ಟು ದೊಡ್ಡದು. ಜನಕ್ಕೆ ಒಗ್ಗಿದ ಮಟ್ಟೊಂದು ಇದ್ದರೆ ಅದಕ್ಕೆ ಹೊಸ ಮಾತನ್ನು ತುಂಬುವುದು ವಾಡಿಕೆ.

ಈ ವಾಡಿಕೆಯನ್ನು ಮೊದಲು ಗಟ್ಟಿಯಾಗಿ ಮುರಿದವರು ಪಿ. ಕಾಳಿಂಗರಾಯರು (೧೯೧೪–೧೯೮೧). ಉಡುಪಿ ಸೀಮೆಯ ಆರೂರಿನಲ್ಲಿ ಹುಟ್ಟಿ, ನಾಟಕದ ಕಂಪೆನಿಯಲ್ಲಿ ಬೆಳೆದು, ಚಲಚ್ಚಿತ್ರದಲ್ಲಿಯೂ ಕೆಲಸ ಮಾಡಿದ ಅವರು ಬೇಂದ್ರೆ, ರಾಜರತ್ನಂ ಮೊದಲಾದ ಹೊಸಗನ್ನಡ ಕವಿಗಳ ಪದ್ಯಗಳನ್ನು ಸಭೆಯಿಂದ ಸಭೆಗೆ ಒಯ್ದು ಹಾಡಿದರು. ಮೋಹನಕುಮಾರಿ, ಸೋಹನಕುಮಾರಿ ಇವರು ಅವರ ಸಹಗಾಯಕಿಯರು. ಪುಸ್ತಕದಲ್ಲಿದ್ದ ಕವಿತೆ ಹೀಗೆ ಬೀದಿಗೆ ಬಂತು. ಮೈಸೂರಿನ ಆಕಾಶವಾಣಿ ೧೯೩೫ರಲ್ಲಿಯೂ ಬೆಂಗಳೂರಿನ ನಿಲಯ ೧೯೫೫ರಲ್ಲಿಯೂ ತೊಡಗಿದವು. ರೇಡಿಯೋ ಬಂದುದರಿಂದ ಗಾಯಕನು ಕೂಗಬೇಕಾದ ಅಗತ್ಯ ತಪ್ಪಿತು. ಮೆಲುದನಿಯಲ್ಲಿ, ಕಿವಿಯ ಹತ್ತಿರ ಕುಳಿತವನಿಗೆ ಹೇಳುವಂತೆ ಹಾಡುವುದು ಸಾಧ್ಯವಾಯಿತು. ಭಾವಗೀತೆಯ ಗಾಯನಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕಾಳಿಂಗರಾಯರ ಬಳಿಕ ಮೈಸೂರು ಅನಂತಸ್ವಾಮಿಗಳು (೧೯೩೬–೧೯೯೫) ಈ ಮೆಲುದನಿಯನ್ನು ಒಂದು ಶೈಲಿಯಾಗಿ ಬೆಳೆಸಿದರು. ೧೯೭೮ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳನ್ನು ಹಾಡಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದ ಮೇಲೆ ಕನ್ನಡ ಕವಿತೆ ಮನೆಮನೆಯ ಕಪಾಟಿಗೆ ಬಂದು ಸೇರಿತು. ಅದೇ ಸುಮಾರಿನಲ್ಲಿ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರದಲ್ಲಿ ಚಂದ್ರಶೇಖರ ಕಂಬಾರರ ಹಾಡನ್ನು ಹಾಡಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಆ ಹಾಡು ಉತ್ತರ ಕರ್ನಾಟಕದ ಜಾನಪದ ಲಯದ್ದು ಎಂಬುದು ಗಮನಾರ್ಹ. ಕಾಲದ ಗಾಳಿ ಎತ್ತ ಬೀಸತೊಡಗಿತ್ತೆಂದು ಇದರಿಂದ ಊಹಿಸಬಹುದು.

೩

ಅಶ್ವಥ್ ಅವರು ವೃತ್ತಿಯಿಂದ ಸಂಗೀತಗಾರರಾಗಿ ತೊಡಗಿದವರಲ್ಲ. ಬೆಂಗಳೂರಿನ ದೂರವಾಣಿ ಕಾರ್ಖಾನೆಯಲ್ಲಿ, ಎಂದರೆ ಐ. ಟಿ. ಐ.ಯಲ್ಲಿ, ದೀರ್ಘಕಾಲ ಉದ್ಯೋಗದಲ್ಲಿದ್ದರು. ಆ ಕಾರ್ಖಾನೆಯಿರುವ ದೂರವಾಣಿನಗರ ಹಳೆಯ ಮದರಾಸು ರಸ್ತೆಯ ಮೇಲಿದೆ. ಅದೇ ರಸ್ತೆ ಮುಂದೆ ಕೋಲಾರ, ಮುಳಬಾಗಿಲುಗಳನ್ನು ಹಾದು ಹೋಗುತ್ತದೆ. ಹಗಲು ಕಾರ್ಖಾನೆ, ಸಂಜೆ ಸಂಗೀತ. ದೇವಗಿರಿ ಶಂಕರರಾವ್ ಜೋಶಿಯವರಲ್ಲಿ ಹಿಂದೂಸ್ಥಾನಿ ಪದ್ಧತಿಯ ಶಿಕ್ಷಣವನ್ನು ಪಡೆದರು. ಹವ್ಯಾಸಿ ರಂಗಭೂಮಿ ಅವರಿಗೆ ಎರಡನೆಯ ಗುರು. ರಂಗದ ಮೇಲೆ ಹಾಡು ಎಂಬುದು ಪಾತ್ರದ ಬಾಯಿಂದ ಬರಬೇಕು. ಯಾರು ಹಾಡುತ್ತಾರೆ, ಯಾವ ಹೊತ್ತಿನಲ್ಲಿ, ಯಾವ ಸಂಕಟದಲ್ಲಿ ಎಂಬುದನ್ನು ಮರೆತು ಮಟ್ಟು ಹಾಕಿದರೆ ಅದು ಅಲ್ಲಿ ನಿಲ್ಲುವುದಿಲ್ಲ. ಈ ಪಾಠವನ್ನು ಅವರು ಕಡೆಯವರೆಗೂ ಮರೆಯಲಿಲ್ಲ.

ಪಾಠ ಗಟ್ಟಿಯಾದುದು ‘ಕಾಕನ ಕೋಟೆ’ಯಲ್ಲಿ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ರಚಿಸಿದ ಈ ನಾಟಕದ ಕಾಲ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರದು. ಸ್ಥಳ ಹೆಗ್ಗಡದೇವನಕೋಟೆಯ ಕಡೆಯ ಕಾಡು. ಜನ ಕಾಡುಕುರುಬರು, ಅವರ ಮುಖಂಡ ಕಾಚ. ಹೆಗ್ಗಡೆಯ ದರ್ಪಕ್ಕೆ ಎದುರಾಗಿ ಕಾಡಿನ ಜನ ತಮ್ಮ ನೆಲದ ಮಾನವನ್ನು ಕಾಪಾಡಿಕೊಂಡ ಕಥೆ ಅದು. ನಟರಂಗವನ್ನು ಕಟ್ಟಿದ ಸಿ. ಆರ್. ಸಿಂಹ ಅವರು ಅದನ್ನು ರಂಗದ ಮೇಲೆ ಆಡಿಸಿ, ೧೯೭೭ರಲ್ಲಿ ಚಲಚ್ಚಿತ್ರವಾಗಿ ತೆಗೆದರು. ಲೋಕೇಶ್ ಅವರು ಕಾಚನ ಪಾತ್ರವನ್ನು ವಹಿಸಿದರು. ಅಶ್ವಥ್ ಅವರು ಸಂಗೀತ ನಿರ್ದೇಶನ ಮಾಡಿದ ಮೊದಲನೆಯ ಚಲಚ್ಚಿತ್ರ ಇದೇ.

ಇಲ್ಲಿಯ ಸಮಸ್ಯೆಯನ್ನು ವಿಚಾರಿಸಿ ನೋಡಬೇಕು. ಹಾಡಬೇಕಾದವರು ಕಾಡಿನವರು. ಅವರ ಬಾಯಿಗೆ ದರ್ಬಾರಿನ ರಾಗಾಲಾಪನೆ ಒಪ್ಪದು. ನಗರದ ಪ್ರಣಯಗೀತೆಯ ಪಿಟೀಲುಮೇಳವೂ ಒಪ್ಪದು. ಮಾಸ್ತಿಯವರು ಆ ಜನಕ್ಕಾಗಿ ಬರೆದ ಹಾಡುಗಳ ಮಾತು ಚಿಕ್ಕದು, ನುಡಿ ಮರುಕಳಿಸುತ್ತದೆ, ಒಬ್ಬನು ಎತ್ತಿಕೊಟ್ಟರೆ ಹತ್ತು ಜನ ಹಿಡಿಯುವಂತಿದೆ. ಬೆಳಗಿನ ಸೂರ್ಯನನ್ನು ತೋರಿಸಿ ಹಿಗ್ಗುವ ‘ನೇಸರ ನೋಡು’ ಇದಕ್ಕೆ ಉದಾಹರಣೆ. ಅಶ್ವಥ್ ಅವರು ಅದಕ್ಕೆ ಹಾಕಿದ ಮಟ್ಟು ಮಾತಿನ ಎತ್ತರ ತಗ್ಗುಗಳನ್ನೇ ಅನುಸರಿಸಿ ನಡೆಯುತ್ತದೆ. ಕಲಿಯದವನೂ ಎರಡು ಸಲ ಕೇಳಿ ದನಿಗೂಡಿಸಬಹುದು. ಸಾಮೂಹಿಕ ಗಾಯನದಲ್ಲಿ ಅದು ಇಂದಿಗೂ ಬಾಳಿಕೊಂಡಿರುವುದಕ್ಕೆ ಕಾರಣ ಇದೇ ಸುಗಮತೆ. ಸುಸಂಸ್ಕೃತ ಗದ್ಯದ ಹಿರಿಯರೆಂದು ಹೆಸರಾದ ಮಾಸ್ತಿಯವರು ಕಾಡಿನವನ ಬಾಯಿಯ ಮಾತನ್ನು ಕಟ್ಟಿಕೊಟ್ಟರು. ಹಿಂದೂಸ್ಥಾನಿ ಕಲಿತ ಗಾಯಕರು ಆ ವಿದ್ಯೆಯನ್ನು ಮರೆಯಿಟ್ಟು ಆ ಮಾತಿಗೆ ದನಿ ಕೊಟ್ಟರು. ಇಬ್ಬರೂ ತಮ್ಮ ತಮ್ಮ ಹೆಚ್ಚಳವನ್ನು ಬಿಟ್ಟುಕೊಟ್ಟದ್ದರಿಂದ ಹಾಡು ಗೆದ್ದಿತು.

೪

ಆದರೆ ಅಲ್ಲಿಂದ ಹಾದಿ ನೇರವಾಗಿ ಸಾಗಲಿಲ್ಲ. ೧೯೮೦ರ ಸುಮಾರಿನಲ್ಲಿ ಅಶ್ವಥ್ ಅವರು ಎಲ್. ವೈದ್ಯನಾಥನ್ ಅವರೊಡನೆ ಸೇರಿ ‘ಅಶ್ವಥ್-ವೈದಿ’ ಎಂಬ ಜೋಡಿಯ ಹೆಸರಿನಲ್ಲಿ ಹಲವು ಚಿತ್ರಗಳಿಗೆ ಸಂಗೀತ ಒದಗಿಸಿದರು. ‘ನಾರದ ವಿಜಯ’, ‘ಆಲೆಮನೆ’, ‘ಬಾಡದ ಹೂ’ ಮೊದಲಾದುವು ಆ ಕಾಲದವು. ವೈದ್ಯನಾಥನ್ ಅವರು ಪಿಟೀಲು ವಿದ್ವಾಂಸರ ಮನೆತನದವರು. ಮುಂದೆ ‘ಮಾಲ್ಗುಡಿ ಡೇಸ್’ ದೂರದರ್ಶನ ಮಾಲಿಕೆಯ ಸಂಗೀತದಿಂದ ದೇಶದಲ್ಲೆಲ್ಲ ಪರಿಚಿತರಾದರು. ಈ ಜೋಡಿಯ ಹಾಡುಗಳಲ್ಲಿ ಇಂಪಿಗೆ ಕೊರತೆಯಿಲ್ಲ. ‘ಆಲೆಮನೆ’ಯಲ್ಲಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಹಾಡಿದ ಮಂದಾರದ ಹೂವಿನ ಹಾಡನ್ನು ಕೇಳದ ಕನ್ನಡಿಗರು ವಿರಳ. ಆದರೂ ಇದು ಚಲಚ್ಚಿತ್ರದ ಸಂಪ್ರದಾಯಕ್ಕೆ ಸೇರಿದ ಇಂಪು. ವಾದ್ಯಗೋಷ್ಠಿ ಹಾಸಿಗೆ ಹಾಸುತ್ತದೆ, ದನಿ ಅದರ ಮೇಲೆ ಮಲಗುತ್ತದೆ. ಗೆಲುವಿನ ದಿನಗಳು ಅವು. ಅಲ್ಲಿಯೇ ನಿಂತಿದ್ದರೆ ಅಶ್ವಥ್ ಅವರು ಒಳ್ಳೆಯ ಚಿತ್ರಸಂಗೀತಗಾರರಲ್ಲಿ ಒಬ್ಬರಾಗಿ ಉಳಿಯುತ್ತಿದ್ದರು.

ಅವರನ್ನು ಅಲ್ಲಿಂದ ಎಬ್ಬಿಸಿದವರು ಶಿಶುನಾಳ ಶರೀಫರು. ಶರೀಫರು (೧೮೧೯–೧೮೮೯) ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದವರು. ಮುಸಲ್ಮಾನ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರಿಗೆ ಶಿಷ್ಯರಾದವರು. ಅವರ ತತ್ತ್ವಪದಗಳು ಧಾರವಾಡ ಸೀಮೆಯ ಭಜನೆಯ ಮೇಳಗಳಲ್ಲಿ ಬಾಯಿಂದ ಬಾಯಿಗೆ ಬಂದಿದ್ದುವು; ಹಳೆಯ ಮೈಸೂರಿನ ಸೀಮೆಯಲ್ಲಿ ಅವುಗಳ ಪರಿಚಯ ಇದ್ದವರು ಕೆಲವರು ಮಾತ್ರ. ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು (೧೯೩೬–೨೦೨೧) ಈ ಪದಗಳನ್ನು ಜನರ ಮುಂದಿಡುವ ಕಾರ್ಯವನ್ನು ಕೈಕೊಂಡರು. ಆ ಕಾರಣದಿಂದಲೇ ಅವರಿಗೆ ‘ಶರೀಫ ಭಟ್ಟರು’ ಎಂಬ ಹೆಸರು ಬಂತು. ಭಟ್ಟರ ಆಸಕ್ತಿಯೂ ಅಶ್ವಥ್ ಅವರ ಕಂಠವೂ ಕೂಡಿ ಎಂಬತ್ತರ ದಶಕದಲ್ಲಿ ಶರೀಫರ ಪದಗಳ ಧ್ವನಿಸುರುಳಿಗಳು ಹೊರಬಂದುವು.

ಇದರಿಂದ ಗಾಯನದಲ್ಲಿ ಆದ ಬದಲಾವಣೆ ಯಾವುದು? ತತ್ತ್ವಪದದ ಸ್ವಭಾವವೇ ಬೇರೆ. ಕೋಡಗವನ್ನು ಕೋಳಿ ನುಂಗಿತೆಂದು ಅದು ಒಗಟು ಹಾಕುತ್ತದೆ. ಮನೆಯ ಮಾಳಿಗೆ ಸೋರುತ್ತಿದೆಯೆಂದು ಗೋಳಾಡುತ್ತದೆ. ಹೊರಗೆ ಹಾಸ್ಯ, ಒಳಗೆ ವೈರಾಗ್ಯ. ಇಂಥ ಪದವನ್ನು ಕೇವಲ ಇಂಪಾಗಿ ಹಾಡಿದರೆ ಅದು ಸಾಯುತ್ತದೆ. ಹಾಡುವವನು ಕೇಳುವವನನ್ನು ಕೆಣಕಬೇಕು, ನಗಿಸಬೇಕು, ನಗುವಿನ ನಡುವೆ ಬೆಚ್ಚಿಸಬೇಕು. ಅಶ್ವಥ್ ಅವರ ದನಿ ಇಲ್ಲಿ ನುಣುಪನ್ನು ಬಿಟ್ಟಿತು. ಕೆಲವೆಡೆ ಗಡುಸಾಯಿತು, ಕೆಲವೆಡೆ ಕೂಗಾಯಿತು, ಕೆಲವೆಡೆ ಬರಿಯ ಮಾತಾಯಿತು. ಪ್ರಾಸದ ಅಕ್ಷರಗಳ ಮೇಲೆ ಏಟು ಬಿತ್ತು. ತಾಳ ಭಜನೆಯ ನಡಿಗೆಯನ್ನು ಹಿಡಿಯಿತು. ಧಾರವಾಡದ ಆಡುಮಾತಿನ ಎಳೆತಗಳನ್ನು ಸವರಿ ಬೆಂಗಳೂರಿನ ಕನ್ನಡಕ್ಕೆ ಒಗ್ಗಿಸಲಿಲ್ಲ, ಹಾಗೆಯೇ ಉಳಿಸಿಕೊಂಡರು. ಇದರ ಫಲವಾಗಿ ‘ತಂಗಿ’, ‘ತಮ್ಮಾ’ ಎಂದು ಕರೆಯುವ ಆ ಸೀಮೆಯ ಸಲಿಗೆ ಕೋಲಾರ, ಶ್ರೀನಿವಾಸಪುರಗಳ ಮನೆಗಳಿಗೂ ಬಂದು ತಲಪಿತು. ತೆಲುಗನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಆಡುವ ಈ ಗಡಿನಾಡಿನವರಿಗೆ ಕನ್ನಡದ ಇನ್ನೊಂದು ಮೂಲೆಯ ಮಾತು ಹಾಡಿನ ಮೂಲಕ ಪರಿಚಯವಾದುದು ಸಣ್ಣ ಸಂಗತಿಯಲ್ಲ.

೧೯೯೦ರಲ್ಲಿ ಟಿ. ಎಸ್. ನಾಗಾಭರಣರು ‘ಸಂತ ಶಿಶುನಾಳ ಶರೀಫ’ ಚಿತ್ರವನ್ನು ತೆಗೆದರು. ಶ್ರೀಧರ್ ಅವರು ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ಅಭಿನಯಿಸಿದರು. ಶರೀಫರ ಕಂಠ ಅಶ್ವಥ್ ಅವರದು. ರಾಷ್ಟ್ರೀಯ ಭಾವೈಕ್ಯಕ್ಕೆ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಬಂತು. ಆ ಬಳಿಕ ೧೯೯೨ರ ‘ಮೈಸೂರ ಮಲ್ಲಿಗೆ’ಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ದಾಂಪತ್ಯಗೀತೆಗಳಿಗೂ, ೧೯೯೭ರ ‘ನಾಗಮಂಡಲ’ದಲ್ಲಿ ಗೋಪಾಲ ಯಾಜ್ಞಿಕರ ಜಾನಪದ ಧಾಟಿಯ ಹಾಡುಗಳಿಗೂ ಅವರು ಮಟ್ಟು ಹಾಕಿದರು. ಒಂದರಲ್ಲಿ ಒಳಮನೆಯ ಮೃದುಮಾತು, ಮತ್ತೊಂದರಲ್ಲಿ ಬಯಲಿನ ದನಿ. ಎರಡಕ್ಕೂ ಮಾತೇ ಯಜಮಾನ, ಮಟ್ಟು ಅದರ ಸೇವಕ. ಈ ವಿವೇಕ ಶರೀಫರ ಪದಗಳಿಂದ ಬಂದುದೆಂದು ಹೇಳಿದರೆ ತಪ್ಪಾಗದು.

ಇಂಥ ತಿರುವು ಬೇರೆ ನಾಡುಗಳಲ್ಲಿಯೂ ಉಂಟು. ವಂಗದೇಶದಲ್ಲಿ ರವೀಂದ್ರನಾಥ ಠಾಕೂರರು ೧೯೦೫ರಲ್ಲಿ ಬಾವುಲ ಹಾಡುಗಾರನೊಬ್ಬನ ಮಟ್ಟನ್ನು ತೆಗೆದುಕೊಂಡು ನಾಡಹಾಡನ್ನು ರಚಿಸಿದರು. ಅದೇ ಮುಂದೆ ಬಾಂಗ್ಲಾದೇಶದ ರಾಷ್ಟ್ರಗೀತೆಯಾಯಿತು. ಅಮೆರಿಕದ ಜನಪ್ರಿಯ ಗಾಯಕ ಜಾನಿ ಕ್ಯಾಷ್ ೧೯೯೪ರಲ್ಲಿ, ಅರವತ್ತು ದಾಟಿದ ಮೇಲೆ, ಒಂದು ಗಿಟಾರನ್ನು ಮಾತ್ರ ಜೊತೆಗಿಟ್ಟುಕೊಂಡು ಹಾಡಿದ ಹಾಡುಗಳಿಂದ ಹೊಸ ಜನ್ಮ ಪಡೆದನು. ವಾದ್ಯ ಕಡಿಮೆಯಾದಾಗ ಮುಪ್ಪಿನ ದನಿಯ ಬಿರುಕೂ ಅರ್ಥವಾಗಿ ಪರಿಣಮಿಸಿತು.

೫

ಅಶ್ವಥ್ ಅವರನ್ನು ಹೊಗಳುವಾಗ ಸತ್ಯವನ್ನು ಮರೆಯಬಾರದು. ಅವರು ವೈಭವವನ್ನು ತೊರೆದ ವಿರಾಗಿಯಲ್ಲ. ೨೦೦೫ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂಬ ಮಹಾಗಾಯನವನ್ನು ನಡೆಸಿದರು. ಅಪಾರ ಜನಸ್ತೋಮ ನೆರೆಯಿತು. ಕವಿತೆಯನ್ನು ಕೇಳಲು ಅಷ್ಟು ಜನ ಸೇರಿದುದು ಆಶ್ಚರ್ಯವೇ ಸರಿ. ಆದರೆ ಅಂಥ ಸಭೆಯಲ್ಲಿ ಕವಿತೆಯ ಪಿಸುಮಾತು ಎಷ್ಟು ಉಳಿದೀತು ಎಂಬ ಸಂದೇಹಕ್ಕೂ ಸ್ಥಳವಿದೆ. ಇದಲ್ಲದೆ ಇನ್ನೊಂದು ಆಕ್ಷೇಪವುಂಟು. ಕವಿತೆಗೆ ಒಮ್ಮೆ ಮಟ್ಟು ಅಂಟಿಕೊಂಡರೆ ಓದುಗನಿಗೆ ಅದರಿಂದ ಬಿಡುಗಡೆಯಿಲ್ಲ. ನಾನಾ ಅರ್ಥಗಳು ಅಡಗಿ ಒಂದೇ ಅರ್ಥ ಗಟ್ಟಿಯಾಗುತ್ತದೆ. ಈ ಆಕ್ಷೇಪದಲ್ಲಿ ಹುರುಳಿದೆ. ಅದಕ್ಕೆ ಸಮಾಧಾನವೂ ಇದೆ: ಹಾಡದೆ ಇದ್ದಿದ್ದರೆ ಆ ಕವಿತೆಗಳಲ್ಲಿ ಎಷ್ಟೋ ಓದುಗನನ್ನೇ ಕಾಣುತ್ತಿರಲಿಲ್ಲ.

ಮೂರನೆಯ ಆಕ್ಷೇಪ ಇನ್ನೂ ಗಹನವಾದುದು. ಶರೀಫರ ಪದಗಳಿಗೆ ಹಳ್ಳಿಯ ಭಜನೆಯ ಮೇಳಗಳಲ್ಲಿ ತಮ್ಮವೇ ಆದ ಮಟ್ಟುಗಳಿದ್ದುವು. ಧ್ವನಿಸುರುಳಿಯ ಮಟ್ಟು ನಾಡೆಲ್ಲ ಹರಡಿದಾಗ ಅವು ಹಿಂದೆ ಸರಿಯುವ ಅಪಾಯವುಂಟು. ನೆಲದ ದನಿಯನ್ನು ಅರಸಿ ಹೋದ ಗಾಯಕನ ಯಶಸ್ಸೇ ಆ ನೆಲದ ಹಳೆಯ ದನಿಯನ್ನು ಮರೆಸಬಹುದೆಂಬುದು ವಿಧಿಯ ವೈಪರೀತ್ಯ. ನಾಡಗೀತೆಯ ವಿಷಯದಲ್ಲಿ ಹೀಗೆ ಒಂದು ಮಟ್ಟು ಇನ್ನೊಂದನ್ನು ಹಿಂದಿಡುವುದು ಎಲ್ಲರ ಕಣ್ಣೆದುರಿಗೆ ನಡೆಯಿತು. ಕುವೆಂಪು ಅವರ ಆ ಗೀತೆಗೆ ಅನಂತಸ್ವಾಮಿಗಳ ಮಟ್ಟು ಬೇಕೋ ಅಶ್ವಥ್ ಅವರ ಮಟ್ಟು ಬೇಕೋ ಎಂದು ಬಹುಕಾಲ ಚರ್ಚೆಯಾಗಿ, ೨೦೨೨ರಲ್ಲಿ ಸರ್ಕಾರ ಅನಂತಸ್ವಾಮಿಗಳ ಮಟ್ಟನ್ನು ಆರಿಸಿ ಎರಡೂವರೆ ನಿಮಿಷದ ಅವಧಿಯನ್ನು ಗೊತ್ತುಮಾಡಿತು. ಸಭೆಗೆ ಒಂದೇ ಮಟ್ಟು ಅನುಕೂಲ. ಸಾಹಿತ್ಯಕ್ಕೆ ಹಲವು ಮಟ್ಟುಗಳೇ ಸಂಪತ್ತು.

ಕೋಲಾರದ ಸೀಮೆ ಈ ಸಂಪತ್ತಿನಲ್ಲಿ ಬಡದಲ್ಲ. ಕೈವಾರದ ನಾರೇಯಣ ಯೋಗಿಗಳ ತತ್ತ್ವಪದಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇವೆ. ಕೈವಾರ ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ ಪದಗಳಿಗೆ ಜಿಲ್ಲೆಯ ಗಡಿಯಿಲ್ಲ. ಅದೇ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ತಮಟೆಯ ವಾದನಕ್ಕಾಗಿ ೨೦೨೩ರಲ್ಲಿ ಪದ್ಮಶ್ರೀಯನ್ನು ಪಡೆದರು. ಊರ ಹಬ್ಬದಲ್ಲಿ ಬೀದಿಯ ಕೊನೆಗೆ ನಿಲ್ಲಿಸಿದ್ದ ವಾದ್ಯವನ್ನು ನಾಡು ಗೌರವದಿಂದ ಒಳಗೆ ಕರೆದಂತಾಯಿತು. ಇನ್ನೊಂದು ಕಡೆ, ಮುಳಬಾಗಿಲಿನಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ಬೇಲೂರಿನ ಶಿಲಾಬಾಲಿಕೆಯರನ್ನು ಕುರಿತು ‘ಅಂತಃಪುರ ಗೀತೆ’ಗಳನ್ನು ಶಾಸ್ತ್ರೀಯ ರಾಗತಾಳಗಳಿಗೆ ಹೊಂದುವಂತೆ ರಚಿಸಿದರು. ಕಾಡಿನವರಿಗಾಗಿ ಮಾಲೂರಿನ ಹಾಡು, ಕಲ್ಲಿನ ಚೆಲುವೆಯರಿಗಾಗಿ ಮುಳಬಾಗಿಲಿನ ಹಾಡು, ಬೀದಿಯ ತಮಟೆ, ಭಜನೆಯ ಮನೆಯ ಏಕತಾರಿ: ಇಷ್ಟು ವಿಧದ ದನಿಗಳು ಒಂದು ಹಗಲಿನ ದಾರಿಯೊಳಗೆ ಸಿಕ್ಕುವ ಸೀಮೆಗಳು ಹೆಚ್ಚಿಲ್ಲ. ಇವುಗಳಲ್ಲಿ ಅಚ್ಚಾಗಿ ಉಳಿದಿರುವುದು ಮಾತು ಮಾತ್ರ. ಮಟ್ಟು ಹಿರಿಯರ ಕಂಠದಲ್ಲಿದೆ, ಕಂಠದೊಡನೆಯೇ ಹೋಗಿಬಿಡಬಹುದು. ಪದಗಳ ಪುಸ್ತಕವನ್ನು ಕಾಪಾಡುವಷ್ಟೇ ಶ್ರದ್ಧೆಯಿಂದ ಅವುಗಳ ಮಟ್ಟನ್ನೂ ಬರೆದಿಟ್ಟುಕೊಳ್ಳುವ, ಮುದ್ರಿಸಿಟ್ಟುಕೊಳ್ಳುವ ಕೆಲಸ ಮನೆಮನೆಯಲ್ಲಿಯೂ ಆಗಬೇಕಾಗಿದೆ.

ಮಾಸ್ತಿಯವರು ಹುಟ್ಟಿದ್ದು ೧೮೯೧ರ ಜೂನ್ ೬ರಂದು, ತೀರಿಕೊಂಡದ್ದು ೧೯೮೬ರ ಜೂನ್ ೬ರಂದು. ಅಶ್ವಥ್ ಅವರು ಹುಟ್ಟಿದ್ದು ೧೯೩೯ರ ಡಿಸೆಂಬರ್ ೨೯ರಂದು. ೨೦೦೯ರ ಡಿಸೆಂಬರ್ ೨೯ರಂದು, ಎಪ್ಪತ್ತು ತುಂಬಿದ ದಿನವೇ, ಕಣ್ಣುಮುಚ್ಚಿದರು. ಶರೀಫರೂ ಹುಟ್ಟಿದ ತಿಥಿಯಲ್ಲಿಯೇ ದೇಹವನ್ನು ಬಿಟ್ಟರೆಂದು ಹಿರಿಯರು ಹೇಳುತ್ತಾರೆ. ಇದು ಕಾಕತಾಳೀಯ; ಇದಕ್ಕೆ ಅರ್ಥವನ್ನು ಹಚ್ಚಬೇಕಾಗಿಲ್ಲ. ಆದರೆ ಎತ್ತಿಕೊಂಡ ಪಲ್ಲವಿಗೇ ಮರಳಿ ಬಂದು ಮುಗಿಸುವುದು ಕನ್ನಡದ ಪದಗಳ ರೀತಿ. ಆ ರೀತಿಯನ್ನು ಬಲ್ಲವರಿಗೆ ಈ ಮೂವರ ಬಾಳಿನ ಲೆಕ್ಕ ಒಂದು ಗಳಿಗೆ ಮನಸ್ಸಿನಲ್ಲಿ ನಿಲ್ಲುತ್ತದೆ.